ಬೊಜ್ಜಿನ ಶಸ್ತ್ರಚಿಕಿತ್ಸೆ, ವೈರಲ್ ಜ್ವರ, ರಕ್ತದ ಹೆಪ್ಪು: ಮನೆಗೆ ಬಂದ ಮೇಲಿನ ನಾಲ್ಕು ವಾರ

2025ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಹೆಚ್ಚಿದವು. ಅದರ ಬೆನ್ನಿಗೇ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂತು. ಜುಲೈ ಮೊದಲ ವಾರ ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು, ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಲಸಿಕೆಗೂ ಆ ಸಾವುಗಳಿಗೂ ನಂಟು ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಈ ಗದ್ದಲದಲ್ಲಿ ‘ರಕ್ತ ಹೆಪ್ಪುಗಟ್ಟುತ್ತದಂತೆ’ ಎಂಬ ಮಾತು ಮನೆಮನೆಗೂ ತಲುಪಿತು. ಯಾವ ಹೆಪ್ಪು, ಎಲ್ಲಿ, ಯಾರಿಗೆ, ಎಷ್ಟು ದಿನ ಎನ್ನುವುದು ಮಾತ್ರ ತಲುಪಲಿಲ್ಲ.

ಈ ವಿವರಗಳು ನಿಜಕ್ಕೂ ಬೇಕಾಗಿರುವುದು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಂಡವರಿಗೆ ಮತ್ತು ಅದನ್ನು ಮಾಡಿಸಿಕೊಂಡು ಈಗಷ್ಟೇ ಮನೆಗೆ ಬಂದವರಿಗೆ. ಆ ಹೊತ್ತಿನಲ್ಲಿ ಫ್ಲೂ, ಕೋವಿಡ್, ವಾಂತಿಭೇದಿ ಅಥವಾ ಡೆಂಗಿ ಬಂದರೆ ಎಂದಿನ ಜ್ವರದ ಲೆಕ್ಕ ನಡೆಯುವುದಿಲ್ಲ.

ಯಾವ ಹೆಪ್ಪಿನ ಮಾತು ಇದು?

ಹೃದಯಾಘಾತದಲ್ಲಿ ಹೆಪ್ಪು ಕಟ್ಟುವುದು ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಲ್ಲಿ. ವರ್ಷಗಟ್ಟಲೆ ಒಳಗೋಡೆಯಲ್ಲಿ ಕೂತ ಕೊಬ್ಬಿನ ಪದರ ಬಿರಿದಾಗ ಅದರ ಮೇಲೆ ಪ್ಲೇಟ್‌ಲೆಟ್‌ಗಳು ಮುತ್ತಿ ದಾರಿ ಮುಚ್ಚುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಹೆಪ್ಪು ಹೆಚ್ಚಾಗಿ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯದು. ಮೀನಖಂಡ ಅಥವಾ ತೊಡೆಯ ಆಳದ ರಕ್ತನಾಳದಲ್ಲಿ, ರಕ್ತ ನಿಧಾನವಾಗಿ ಹರಿಯುವ ಕಡೆ, ಅದು ಗಟ್ಟಿಯಾಗುತ್ತದೆ. ಅದರ ತುಂಡೊಂದು ಕಳಚಿಕೊಂಡು ಹೃದಯದ ಬಲಭಾಗ ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅದನ್ನು ಪಲ್ಮನರಿ ಎಂಬಾಲಿಸಂ ಎನ್ನುತ್ತಾರೆ. ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಹೊಟ್ಟೆಯ ಹೊಲಿಗೆ ಸೋರುವುದು ಇನ್ನೊಂದು.

ಕೋವಿಶೀಲ್ಡ್ ಸೂತ್ರದ ಲಸಿಕೆ ಅತಿ ಅಪರೂಪಕ್ಕೆ ಹೆಪ್ಪು ಉಂಟುಮಾಡಬಲ್ಲದು ಎಂದು ಆಸ್ಟ್ರಾಜೆನೆಕಾ ಬ್ರಿಟನ್‌ನ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಆ ತೊಂದರೆ ಕಾಣಿಸಿಕೊಳ್ಳುವುದು ಲಸಿಕೆ ಹಾಕಿಸಿಕೊಂಡ ಕೆಲವು ವಾರಗಳ ಒಳಗೆ. 2021ರಲ್ಲಿ ಹಾಕಿಸಿಕೊಂಡವರು ಈಗ ಶಸ್ತ್ರಚಿಕಿತ್ಸೆಗೆ ಹೋಗುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಇನ್ನೊಂದು ಕಲಸುಮೇಲೋಗರವೂ ಇದೆ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡಾಗ, ಅದನ್ನೂ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನೂ ಅನೇಕರು ಒಂದೇ ಎಂದುಕೊಂಡರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಸೌಂದರ್ಯ ಚಿಕಿತ್ಸೆ. ಇಲ್ಲಿ ಹೇಳುತ್ತಿರುವುದು ಜಠರವನ್ನೇ ಕಿರಿದು ಮಾಡುವ ಸ್ಲೀವ್ ಮತ್ತು ಆಹಾರದ ದಾರಿಯನ್ನೇ ಬದಲಿಸುವ ಬೈಪಾಸ್ ಬಗ್ಗೆ.

ಹೆಪ್ಪಿಗೆ ನೆಲ ಹದವಾಗುವುದು ಹೇಗೆ

ಜರ್ಮನಿಯ ರುಡಾಲ್ಫ್ ವಿರ್ಕೋ 19ನೇ ಶತಮಾನದ ಮಧ್ಯದಲ್ಲಿ ಮಾಡಿದ ಕೆಲಸದಿಂದ ಬಂದ ಮೂರು ಕಾರಣಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವ ಕಡೆ ವಾಲುವುದು. ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿ ಮೂರೂ ಒಟ್ಟಿಗೇ ಸೇರುತ್ತವೆ.

ಹೊಟ್ಟೆಯ ಸುತ್ತಲಿನ ಕೊಬ್ಬು ಬರೀ ಶೇಖರಣೆಯಲ್ಲ, ಅದು ಸದಾ ಉರಿಯೂತದ ರಾಸಾಯನಿಕಗಳನ್ನು ಸುರಿಸುವ ಅಂಗ. ಅದರಿಂದ ರಕ್ತದಲ್ಲಿ ಹೆಪ್ಪು ಕಟ್ಟಲು ನೆರವಾಗುವ ಫೈಬ್ರಿನೋಜೆನ್ ಮತ್ತು ಫ್ಯಾಕ್ಟರ್ 8 ಎಂಬ ಪ್ರೋಟೀನುಗಳು ಹೆಚ್ಚಿರುತ್ತವೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಪಿಎಐ-1 ಎಂಬ ಪ್ರೋಟೀನೂ ಹೆಚ್ಚಿರುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇದಕ್ಕೆ ಇನ್ನಷ್ಟು ಸೇರುತ್ತದೆ. ಲ್ಯಾಪ್ರೊಸ್ಕೋಪಿಗಾಗಿ ಹೊಟ್ಟೆಯೊಳಗೆ ಸುಮಾರು 15 ಮಿ.ಮೀ. ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಆ ಒತ್ತಡಕ್ಕೆ ಕಾಲಿನಿಂದ ಮೇಲೇರುವ ದೊಡ್ಡ ಅಭಿಧಮನಿ ಚಪ್ಪಟೆಯಾಗುತ್ತದೆ. ಕರುಳು ಕೆಳಗೆ ಸರಿಯಲೆಂದು ತಲೆಯ ಕಡೆ ಎತ್ತರಿಸಿ ಮಲಗಿಸುವುದರಿಂದ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಅರಿವಳಿಕೆಯಲ್ಲಿ ಮೀನಖಂಡದ ಸ್ನಾಯು ಅಲುಗುವುದಿಲ್ಲ, ಹಾಗಾಗಿ ಮೇಲಕ್ಕೆ ತಳ್ಳುವ ಬಲವೂ ಇಲ್ಲ.

ಸ್ಲೀವ್‌ನಲ್ಲಿ ಇನ್ನೊಂದು ಬಗೆಯ ಹೆಪ್ಪಿಗೂ ಎಡೆಯಿದೆ. ಜಠರದ ಹೊರಬಾಗಿನ ಉದ್ದಕ್ಕೂ ಇರುವ ಸಣ್ಣ ರಕ್ತನಾಳಗಳನ್ನು ಬಿಸಿಯಿಂದ ಮುಚ್ಚಿ ಕತ್ತರಿಸಿ, ಆಮೇಲೆ ಸ್ಟೇಪ್ಲರ್‌ನಿಂದ ಜಠರದ ಮುಕ್ಕಾಲು ಭಾಗ ಬೇರ್ಪಡಿಸುತ್ತಾರೆ. ಗುಲ್ಮದ ಕಡೆಯಿಂದ ಯಕೃತ್ತಿಗೆ ಹೋಗುವ ರಕ್ತದ ಹರಿವು ಇದರಿಂದ ಬದಲಾಗುತ್ತದೆ. ರೋಗಿ ಸಾಕಷ್ಟು ನೀರು ಕುಡಿಯದಿದ್ದರೆ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲೇ ಹೆಪ್ಪು ಕಟ್ಟಬಹುದು. ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ ಕಾಣಿಸಿಕೊಳ್ಳುವ ಇದರ ಲಕ್ಷಣಗಳು ಅಸ್ಪಷ್ಟ: ಹೊಟ್ಟೆನೋವು, ವಾಕರಿಕೆ, ಕೆಲವೊಮ್ಮೆ ಸಣ್ಣ ಜ್ವರ. ‘ಗ್ಯಾಸ್’ ಎಂದು ಮಾತ್ರೆ ನುಂಗಿ ಕೂರುವುದು ಇಲ್ಲೇ. ಕಾಂಟ್ರಾಸ್ಟ್ ಹಾಕಿದ ಸಿ.ಟಿ. ಸ್ಕ್ಯಾನ್ ಇಲ್ಲದೆ ಇದು ಖಚಿತವಾಗುವುದು ಕಷ್ಟ, ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ತಪ್ಪಿಹೋಗಬಹುದು.

ಅಪಾಯ ಎಷ್ಟು, ಯಾವಾಗ

ಅಮೆರಿಕದ ಸುಮಾರು 92 ಸಾವಿರ ರೋಗಿಗಳ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೊಜ್ಜಿನ ಶಸ್ತ್ರಚಿಕಿತ್ಸೆಯ ಮೊದಲ 30 ದಿನಗಳಲ್ಲಿ ಕಂಡ ಹೆಪ್ಪುಗಳ ಪೈಕಿ ಶೇ 80ಕ್ಕೂ ಹೆಚ್ಚು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಆದವು. ಹಾಗೆ ಮನೆಗೆ ಹೋದ ಮೇಲೆ ಹೆಪ್ಪು ಕಂಡವರು ಸಾವಿರಕ್ಕೆ ಸುಮಾರು ಮೂವರು. ಸಂಖ್ಯೆ ಸಣ್ಣದು. ಆದರೆ ಅದು ಬೀಳುವ ಜಾಗ ಗಮನಿಸಿ. ಆಸ್ಪತ್ರೆಯಲ್ಲಿ ನರ್ಸ್ ಇರುತ್ತಾರೆ, ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಇರುತ್ತದೆ, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಇರುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಡಿಸ್ಚಾರ್ಜ್ ಆದ ಕೂಡಲೇ ಈ ಮೂರೂ ಇಲ್ಲವಾಗುತ್ತವೆ, ಅಪಾಯ ಮಾತ್ರ ಇನ್ನೂ ಮೂರು-ನಾಲ್ಕು ವಾರ ಜೊತೆಗಿರುತ್ತದೆ.

ಎಲ್ಲರಿಗೂ ಅಪಾಯ ಒಂದೇ ಅಲ್ಲ. ಅದೇ ಅಧ್ಯಯನ ಗುರುತಿಸಿದ ಅಂಶಗಳು ಇವು: 60 ದಾಟಿದ ವಯಸ್ಸು, ಪುರುಷರಾಗಿರುವುದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 50 ಅಥವಾ ಹೆಚ್ಚು, ಹೃದಯ ವೈಫಲ್ಯ, ಸುಮ್ಮನೆ ಕೂತಾಗಲೂ ಏದುಸಿರು, ಮೂರು ಗಂಟೆ ಮೀರಿದ ಶಸ್ತ್ರಚಿಕಿತ್ಸೆ, ಮೂರು ದಿನ ಅಥವಾ ಹೆಚ್ಚು ಆಸ್ಪತ್ರೆವಾಸ, ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದದ್ದು. ಹಿಂದೆ ಹೆಪ್ಪು ಆಗಿದ್ದವರು, ಧೂಮಪಾನಿಗಳು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಸೇರಬೇಕು. ಆ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಮುಂಚೆಯೇ ನಿಲ್ಲಿಸಿಸುತ್ತಾರೆ. ಹೇಳಲು ಸಂಕೋಚಪಟ್ಟು ಈ ಮಾಹಿತಿ ಮುಚ್ಚಿಡುವುದು ನಮ್ಮಲ್ಲಿ ಆಗಾಗ ಆಗುವ ತಪ್ಪು. ಅತ್ತೆ, ಗಂಡ ಪಕ್ಕದಲ್ಲಿದ್ದಾಗ ವೈದ್ಯರು ಕೇಳಿದರೆ ಸರಿಯಾದ ಉತ್ತರ ಬರಲಿಕ್ಕಿಲ್ಲ. ಇದನ್ನು ಒಬ್ಬರೇ ಇದ್ದಾಗ ಕೇಳಬೇಕು.

ವೈರಸ್ ಮೂರು ದಾರಿಯಲ್ಲಿ ಬರುತ್ತದೆ

ಮೊದಲನೆಯದು ನೇರ ದಾರಿ. ಉಸಿರಾಟದ ಸೋಂಕು ಬಂದಾಗ ದೇಹ ಉರಿಯೂತದ ಸ್ಥಿತಿಗೆ ಹೋಗುತ್ತದೆ. ಬಿಳಿ ರಕ್ತಕಣಗಳ ಮೇಲೆ ಹೆಪ್ಪಿಗೆ ಚಾಲನೆ ಕೊಡುವ ಟಿಶ್ಯೂ ಫ್ಯಾಕ್ಟರ್ ಮೂಡುತ್ತದೆ, ಫೈಬ್ರಿನೋಜೆನ್ ಇನ್ನೂ ಏರುತ್ತದೆ, ರಕ್ತನಾಳದ ಒಳಪದರ ಕೆರಳುತ್ತದೆ. ಕೋವಿಡ್‌ನಲ್ಲಿ ಇದು ಹೆಚ್ಚು ತೀವ್ರ. ಸ್ವೀಡನ್‌ನಲ್ಲಿ ಸೋಂಕಿತರಾದ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋವಿಡ್ ಬಂದ ಮೊದಲ 30 ದಿನಗಳಲ್ಲಿ ಕಾಲಿನ ಹೆಪ್ಪಿನ ಅಪಾಯ ಸುಮಾರು 5 ಪಟ್ಟು, ಶ್ವಾಸಕೋಶದ ಹೆಪ್ಪಿನ ಅಪಾಯ ಸುಮಾರು 33 ಪಟ್ಟು ಹೆಚ್ಚಿತ್ತು. ಕಾಲಿನ ಹೆಪ್ಪಿನ ಅಪಾಯ ಮೂರು ತಿಂಗಳವರೆಗೆ, ಶ್ವಾಸಕೋಶದ್ದು ಆರು ತಿಂಗಳವರೆಗೆ ಹೆಚ್ಚೇ ಇತ್ತು. ಫ್ಲೂ ಮತ್ತು ಇತರ ಉಸಿರಾಟದ ಸೋಂಕುಗಳಲ್ಲೂ ಮೊದಲ ಎರಡು ವಾರ ಹೆಪ್ಪಿನ ಅಪಾಯ ಏರುವುದು ಕೋವಿಡ್‌ಗೂ ಮುಂಚೆಯೇ, 2006ರಿಂದಲೇ, ಗೊತ್ತಿದ್ದ ವಿಷಯ.

ಎರಡನೆಯ ದಾರಿ ನೀರಿನದು. ಸ್ಲೀವ್ ಆದವರ ಹೊಟ್ಟೆ ಮೊದಲ ದಿನಗಳಲ್ಲಿ ಒಂದು ಬಾರಿಗೆ 30 ಮಿ.ಲೀ. ಅಂದರೆ ಎರಡು ಊಟದ ಚಮಚದಷ್ಟು ಮಾತ್ರ ಹಿಡಿಯುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಬೇಕಾದರೆ 15 ನಿಮಿಷಕ್ಕೊಮ್ಮೆ 30 ಮಿ.ಲೀ. ಎಂಬ ಲೆಕ್ಕದಲ್ಲಿ ಹನ್ನೆರಡೂವರೆ ಗಂಟೆ ಗುಟುಕರಿಸುತ್ತಲೇ ಇರಬೇಕು. ಆರೋಗ್ಯವಾಗಿದ್ದಾಗಲೇ ಇದು ಕಷ್ಟ. ಜ್ವರದಲ್ಲಿ ಬೆವರು, ವಾಂತಿಭೇದಿಯಲ್ಲಿ ನಷ್ಟ, ಮೇಲೆ ಬಾಯಿರುಚಿ ಕೆಟ್ಟು ಕುಡಿಯುವುದೂ ನಿಂತರೆ, ಬೇರೆಯವರು ಒಂದು ದಿನದಲ್ಲಿ ಸರಿದೂಗಿಸಿಕೊಳ್ಳುವ ಕೊರತೆಯನ್ನು ಇವರು ಮೂರು ದಿನವಾದರೂ ತುಂಬಲಾರರು. ಸಣ್ಣದೆನಿಸುವ ಹೊಟ್ಟೆಯ ವೈರಸ್ ಕೋವಿಡ್‌ನಷ್ಟೇ ಅಪಾಯಕಾರಿ ಆಗಬಲ್ಲದ್ದು ಈ ಕಾರಣಕ್ಕೆ. ರಕ್ತ ದಪ್ಪವಾಗುತ್ತದೆ, ಪೋರ್ಟಲ್ ಅಭಿಧಮನಿಯ ಹರಿವು ಕುಗ್ಗುತ್ತದೆ.

ಮೂರನೆಯದು ಹಾಸಿಗೆ. ಜ್ವರ ಬಂದವರನ್ನು ಕಂಬಳಿ ಹೊದಿಸಿ ಮಲಗಿಸುವುದು ನಮ್ಮ ಮನೆಗಳ ಪ್ರೀತಿಯ ಪದ್ಧತಿ. ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವಾದವರಿಗೆ ಅದೇ ಕೇಡು. ಮೀನಖಂಡ ಅಲುಗದೆ ರಕ್ತ ಮೇಲೇರುವುದಿಲ್ಲ.

ಡೆಂಗಿಯ ಲೆಕ್ಕ ಬೇರೆ

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿತು. ಮಳೆಗಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದು ದೂರದ ಮಾತಲ್ಲ. ಕೋವಿಡ್, ಫ್ಲೂಗಳು ಹೆಪ್ಪಿನ ಕಡೆ ಎಳೆದರೆ ಡೆಂಗಿ ರಕ್ತಸ್ರಾವದ ಕಡೆ ಎಳೆಯುತ್ತದೆ. ರೋಗಿ ಹೆಪ್ಪು ತಡೆಯುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುತ್ತಾರೆ, ಜಠರದ ಉದ್ದಕ್ಕೂ ಹಸಿ ಸ್ಟೇಪಲ್ ಸಾಲಿದೆ, ಪ್ಲೇಟ್‌ಲೆಟ್ ಇಳಿಯುತ್ತಿದೆ. ಈ ಮೂರು ಕೂಡಿದಾಗ ಇಂಜೆಕ್ಷನ್ ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂಬುದನ್ನು ಪ್ರತಿದಿನದ ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತದ ದಪ್ಪದ ಅಳತೆಯಾದ ಹೆಮಟೋಕ್ರಿಟ್ ನೋಡಿ ಶಸ್ತ್ರಚಿಕಿತ್ಸಕರೂ ಫಿಸಿಷಿಯನ್ನರೂ ಸೇರಿ ತೀರ್ಮಾನಿಸಬೇಕು. ಎಣಿಕೆ 50 ಸಾವಿರಕ್ಕಿಂತ ಕೆಳಗೆ ಹೋದರೆ ಸಾಮಾನ್ಯವಾಗಿ ಇಂಜೆಕ್ಷನ್ ನಿಲ್ಲಿಸಿ, ಕಾಲಿಗೆ ಗಾಳಿಪಟ್ಟಿಯ ಮೊರೆ ಹೋಗುತ್ತಾರೆ.

ಇಲ್ಲಿ ಒಂದು ಗುಂಡಿ ಇದೆ. ಈ ಇಂಜೆಕ್ಷನ್‌ನಲ್ಲಿರುವ ಹೆಪಾರಿನ್ ಜಾತಿಯ ಔಷಧಕ್ಕೆ ಅಪರೂಪಕ್ಕೆ ಕೆಲವರ ದೇಹ ವಿರುದ್ಧವಾಗಿ ವರ್ತಿಸುತ್ತದೆ. ಔಷಧ ಶುರುವಾದ 5ರಿಂದ 10ನೇ ದಿನದ ನಡುವೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಆದರೆ ರಕ್ತಸ್ರಾವದ ಬದಲು ಹೆಪ್ಪುಗಳು ಹೆಚ್ಚುತ್ತವೆ. ಏಳನೇ ದಿನ ಜ್ವರ, ಪ್ಲೇಟ್‌ಲೆಟ್ 70 ಸಾವಿರ ಎಂಬ ವರದಿ ಕೈಗೆ ಬಂದರೆ ಮಳೆಗಾಲದಲ್ಲಿ ಎಲ್ಲರೂ ಡೆಂಗಿ ಎಂದೇ ಅಂದುಕೊಳ್ಳುತ್ತಾರೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂದು ಕಾಲು ಊದುತ್ತಿದ್ದರೆ ಈ ಇನ್ನೊಂದು ಸಾಧ್ಯತೆಯನ್ನು ಹುಡುಕಲೇಬೇಕು. ಎರಡರ ಚಿಕಿತ್ಸೆ ಪೂರ್ತಿ ಬೇರೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಪ್ಲೇಟ್‌ಲೆಟ್ ಸಂಖ್ಯೆ ಡಿಸ್ಚಾರ್ಜ್ ಕಾಗದದಲ್ಲಿ ಇರಬೇಕು ಎನ್ನುವುದು ಇದಕ್ಕೇ. ಹೋಲಿಸಲು ಹಳೆಯ ಅಂಕಿ ಇಲ್ಲದೆ ಇಳಿಕೆ ಎಷ್ಟು ಎಂದು ತಿಳಿಯುವುದಿಲ್ಲ.

ಸೋಂಕು ಬಂದಿದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಕೆ?

2020ರ ಅಕ್ಟೋಬರ್‌ನಲ್ಲಿ 116 ದೇಶಗಳಲ್ಲಿ ನಡೆದ ಶಸ್ತ್ರಚಿಕಿತ್ಸೆಗಳನ್ನು ಒಟ್ಟುಗೂಡಿಸಿದ ಕೋವಿಡ್‌ಸರ್ಜ್ ಅಧ್ಯಯನದಿಂದ ‘ಏಳು ವಾರ’ ಎಂಬ ನಿಯಮ ಹುಟ್ಟಿತು. ಸೋಂಕಿಲ್ಲದವರಲ್ಲಿ 30 ದಿನದೊಳಗಿನ ಸಾವು ಶೇ 1.5 ಇದ್ದರೆ, ಸೋಂಕು ತಗುಲಿ ಆರು ವಾರದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅದು ಶೇ 3.6ರಿಂದ 4ರ ಆಸುಪಾಸಿನಲ್ಲಿತ್ತು. ಏಳು ವಾರ ಕಳೆದ ಮೇಲೆ ಮತ್ತೆ ಶೇ 1.5ಕ್ಕೆ ಇಳಿಯಿತು. ಅದೇ ತಂಡ ಹೆಪ್ಪಿನ ಲೆಕ್ಕವನ್ನೂ ಕೊಟ್ಟಿತು: ಸೋಂಕಿಲ್ಲದವರಲ್ಲಿ ಶೇ 0.5, ಶಸ್ತ್ರಚಿಕಿತ್ಸೆಯ ಆಸುಪಾಸಿನ ದಿನಗಳಲ್ಲೇ ಸೋಂಕು ಬಂದವರಲ್ಲಿ ಶೇ 2.2, ಒಂದರಿಂದ ಆರು ವಾರ ಮೊದಲು ಬಂದಿದ್ದವರಲ್ಲಿ ಶೇ 1.6, ಏಳು ವಾರ ದಾಟಿದವರಲ್ಲಿ ಶೇ 1.

ಈ ಅಂಕಿಗಳನ್ನು ಇವತ್ತಿಗೆ ಹಾಗೇ ಎತ್ತಿಕೊಳ್ಳುವಂತಿಲ್ಲ. ಅವು ಲಸಿಕೆ ಬರುವುದಕ್ಕೂ ಮುಂಚಿನ ಕಾಲದವು, ಎಲ್ಲ ಬಗೆಯ ಶಸ್ತ್ರಚಿಕಿತ್ಸೆಗಳೂ ಅದರಲ್ಲಿವೆ. ಲಸಿಕೆ ಹಾಕಿಸಿಕೊಂಡವರಲ್ಲಿ, ಈಗಿನ ತಳಿಗಳಿಂದ ಆಗುವ ಸೌಮ್ಯ ಸೋಂಕಿಗೆ ಏಳು ವಾರ ಕಾಯಿಸುವುದು ಅತಿಯಾಯಿತು ಎಂಬ ವಾದ ಬಲವಾಯಿತು. ಬ್ರಿಟನ್ ಮತ್ತು ಅಮೆರಿಕದ ಅರಿವಳಿಕೆ ತಜ್ಞರ ಸಂಘಟನೆಗಳು 2023ರಲ್ಲಿ ಸಲಹೆ ಸಡಿಲಿಸಿದವು: ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮೊದಲ ಎರಡು ವಾರ ಮಾಡಬಾರದು, ಎರಡರಿಂದ ಏಳು ವಾರದ ನಡುವೆ ರೋಗಿಯ ಸ್ಥಿತಿ ನೋಡಿ ತೀರ್ಮಾನಿಸಬೇಕು.

ಬೊಜ್ಜಿನ ಶಸ್ತ್ರಚಿಕಿತ್ಸಕರ ವಾದ ಇನ್ನೊಂದು ದಿಕ್ಕಿನದು. 2020ರಲ್ಲಿ ಅಮೆರಿಕದ ಅವರ ಸಂಘ, ಈ ಶಸ್ತ್ರಚಿಕಿತ್ಸೆಯನ್ನು ‘ಆಮೇಲೆ ನೋಡೋಣ’ ಎನ್ನುವ ಪಟ್ಟಿಗೆ ಹಾಕಬಾರದು ಎಂದಿತು. ಅದಕ್ಕೆ ಪೂರಕ ಪುರಾವೆ 2021ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಿಂದ ಬಂತು. ಮೊದಲೇ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿಕೊಂಡಿದ್ದವರಿಗೆ ಕೋವಿಡ್ ಬಂದಾಗ ಆಸ್ಪತ್ರೆ ಸೇರಬೇಕಾದ ಸಾಧ್ಯತೆ ಶೇ 49ರಷ್ಟು, ಆಮ್ಲಜನಕ ಬೇಕಾಗುವ ಸಾಧ್ಯತೆ ಶೇ 63ರಷ್ಟು ಕಡಿಮೆ ಇತ್ತು. ತೂಕ ಇಳಿದ ಮೇಲೆ ವರ್ಷಗಳ ಲೆಕ್ಕದಲ್ಲಿ ಹೆಪ್ಪಿನ ಅಪಾಯವೂ ಇಳಿಯುತ್ತದೆ. ಅಂದರೆ ಮೊದಲ ತಿಂಗಳ ಅಪಾಯವನ್ನು ದಾಟಿದರೆ ಮುಂದಿನದು ಲಾಭ.

ಎರಡೂ ವಾದಗಳು ತಮ್ಮ ತಮ್ಮ ಅವಧಿಗೆ ಸರಿ. ಒಂದು ವಾರಗಳನ್ನು ಎಣಿಸುತ್ತಿದೆ, ಇನ್ನೊಂದು ವರ್ಷಗಳನ್ನು. ಬಿಎಂಐ 50 ದಾಟಿದ, ನಿದ್ದೆಯಲ್ಲಿ ಉಸಿರು ಕಟ್ಟುವ, ಹಿಂದೆ ಹೆಪ್ಪು ಆಗಿದ್ದ ವ್ಯಕ್ತಿಗೆ ಕೋವಿಡ್ ಅಥವಾ ಜೋರು ಫ್ಲೂ ಬಂದು ಹೋದರೆ ಏಳು ವಾರ ಕಾಯುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ನಲವತ್ತರೊಳಗಿನ, ಬೇರೆ ಕಾಯಿಲೆಯಿಲ್ಲದ, ಎರಡು ದಿನದ ನೆಗಡಿಯಲ್ಲಿ ಮುಗಿದವರಿಗೆ ಎರಡು-ಮೂರು ವಾರ ಸಾಕಾಗಬಹುದು. ಕೆಮ್ಮು, ಏದುಸಿರು, ಮೆಟ್ಟಿಲು ಹತ್ತುವಾಗಿನ ಸುಸ್ತು ಇನ್ನೂ ಇದ್ದರೆ ಕ್ಯಾಲೆಂಡರ್ ಏನೇ ಹೇಳಲಿ, ಮುಂದೂಡುವುದೇ ಸರಿ. ವಿಮೆಯ ಅನುಮೋದನೆಯ ಗಡುವು ಮುಗಿಯುತ್ತದೆ, ರಜೆ ಮತ್ತೆ ಸಿಗುವುದಿಲ್ಲ ಎಂದು ನೆಗಡಿ ಮುಚ್ಚಿಟ್ಟು ಅಡ್ಮಿಟ್ ಆಗುವವರಿದ್ದಾರೆ. ಅನುಮೋದನೆಗೆ ಮತ್ತೆ ಅರ್ಜಿ ಹಾಕಬಹುದು.

ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್: ಎಷ್ಟು, ಎಷ್ಟು ದಿನ

ಹೆಪ್ಪು ತಡೆಯಲು ಸಾಮಾನ್ಯವಾಗಿ ಕೊಡುವುದು ಹೆಪಾರಿನ್ ಜಾತಿಯ ಎನಾಕ್ಸಪರಿನ್. ಸಾಧಾರಣ ತೂಕದವರಿಗೆ ದಿನಕ್ಕೊಮ್ಮೆ 40 ಮಿ.ಗ್ರಾಂ. ಸಾಕಾದರೆ, ಬಿಎಂಐ 40 ದಾಟಿದವರಿಗೆ ಅನೇಕ ಕೇಂದ್ರಗಳು ದಿನಕ್ಕೆರಡು ಬಾರಿ 40, 50 ದಾಟಿದವರಿಗೆ ಕೆಲವರು ದಿನಕ್ಕೆರಡು ಬಾರಿ 60 ಮಿ.ಗ್ರಾಂ. ಕೊಡುತ್ತಾರೆ. ಎಷ್ಟು ದಿನ ಎಂಬುದರಲ್ಲಿ ಒಮ್ಮತವಿಲ್ಲ. ಹೆಪ್ಪುಗಳು ಮನೆಯಲ್ಲೇ ಆಗುವುದರಿಂದ ಹೆಚ್ಚು ಅಪಾಯದವರಿಗೆ ಎರಡರಿಂದ ನಾಲ್ಕು ವಾರ ಬೇಕೆಂಬುದು ಒಂದು ಪಕ್ಷ. ಏಷ್ಯಾದ ಜನರಲ್ಲಿ ಹೆಪ್ಪಿನ ಪ್ರಮಾಣ ಮೊದಲಿಂದಲೂ ಕಡಿಮೆ, ಸ್ಟೇಪಲ್ ಸಾಲಿನಿಂದ ರಕ್ತಸ್ರಾವವಾಗುವ ಭಯ ಹೆಚ್ಚು, ಹಾಗಾಗಿ ಬೇಗ ನಡೆಸಿದರೆ ಇಂಜೆಕ್ಷನ್ ಆಸ್ಪತ್ರೆಯ ದಿನಗಳಿಗೆ ಸಾಕೆಂಬುದು ಇನ್ನೊಂದು ಪಕ್ಷ. ಸೋಂಕಿಲ್ಲದ, ಕಡಿಮೆ ಅಪಾಯದ ರೋಗಿಯಲ್ಲಿ ಎರಡನೆಯ ವಾದ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಕೋವಿಡ್ ಅಥವಾ ಫ್ಲೂ ಬಂದರೆ ಆ ಲೆಕ್ಕ ಬದಲಾಗುತ್ತದೆ, ನಿಲ್ಲಿಸಿದ ಇಂಜೆಕ್ಷನ್ ಮತ್ತೆ ಬೇಕೇ ಎಂದು ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಕೇಳಲೇಬೇಕು. ಈ ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ವಾಂತಿಭೇದಿಯಿಂದ ನೀರು ಬತ್ತಿ ಮೂತ್ರ ಕಡಿಮೆಯಾದರೆ ಔಷಧ ದೇಹದಲ್ಲೇ ಉಳಿದು ರಕ್ತಸ್ರಾವಕ್ಕೆ ದಾರಿಯಾಗುತ್ತದೆ, ಆದ್ದರಿಂದ ತಾವಾಗಿಯೇ ಮುಂದುವರಿಸುವುದೂ ಅಪಾಯ.

ಚುಚ್ಚುವ ಕ್ರಮದಲ್ಲೂ ತಪ್ಪುಗಳಾಗುತ್ತವೆ. ಕೈ ತೊಳೆದು, ಒರಗಿ ಕೂತು ಅಥವಾ ಮಲಗಿ, ಹೊಕ್ಕುಳಿಂದ ಕನಿಷ್ಠ 5 ಸೆಂ.ಮೀ. ದೂರದಲ್ಲಿ, ಲ್ಯಾಪ್ರೊಸ್ಕೋಪಿಯ ಗಾಯಗಳನ್ನು ಬಿಟ್ಟು ಜಾಗ ಆರಿಸಿ. ಸ್ಪಿರಿಟ್ ಒಣಗಲಿ. ತುಂಬಿಸಿಯೇ ಬರುವ ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಹಾಕಿದರೆ ಔಷಧದ ಹನಿಯೂ ಹೋಗುತ್ತದೆ. ಚರ್ಮದ ಮಡಿಕೆಯನ್ನು ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ನಿಧಾನವಾಗಿ ತಳ್ಳಿ. ಸೂಜಿ ತೆಗೆಯುವವರೆಗೂ ಮಡಿಕೆ ಬಿಡಬಾರದು. ಆಮೇಲೆ ತಿಕ್ಕಬೇಡಿ, ತಿಕ್ಕಿದರೆ ಕರಿನೀಲಿ ಕಲೆ ಏಳುತ್ತದೆ. ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಫ್ರೀಜರ್‌ನಲ್ಲಿ ಇಡಬಾರದು, 25 ಡಿಗ್ರಿಯೊಳಗಿನ ತಂಪು ಜಾಗ ಸಾಕು.

ಇಂಜೆಕ್ಷನ್ ಬೇಡ, ಮಾತ್ರೆ ಕೊಡಿ ಎನ್ನುವವರು ಬಹಳ. ಹೆಪ್ಪು ತಡೆಯುವ ಮಾತ್ರೆಯಾದ ರಿವರಾಕ್ಸಬಾನ್ ಹೀರಲ್ಪಡುವುದು ಮುಖ್ಯವಾಗಿ ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದಲ್ಲಿ. ಅದರ ದೊಡ್ಡ ಡೋಸ್‌ಗೆ ಹೊಟ್ಟೆತುಂಬ ಊಟವೂ ಬೇಕು. ಬೈಪಾಸ್ ಆದವರಲ್ಲಿ ಇವೆರಡೂ ಇಲ್ಲ. ಸೌಮ್ಯ ಅಪಾಯದವರಲ್ಲಿ ಹೆಪ್ಪು ತಡೆಯಲು 10 ಮಿ.ಗ್ರಾಂ. ಮಾತ್ರೆಯನ್ನೇ ಕೊಟ್ಟು ನೋಡಿದ ಪ್ರಯೋಗಗಳಿವೆ, ಫಲಿತಾಂಶ ಆಶಾದಾಯಕವಾಗಿದೆ. ಹೆಪ್ಪು ಈಗಾಗಲೇ ಆಗಿದ್ದರೆ ಮಾತ್ರ ಮೊದಲ ನಾಲ್ಕು ವಾರವಾದರೂ ಇಂಜೆಕ್ಷನ್ನೇ ಇರಲಿ, ಮಾತ್ರೆಗೆ ಬದಲಿಸಿದರೆ ರಕ್ತದಲ್ಲಿ ಔಷಧದ ಮಟ್ಟ ಅಳೆಯಿರಿ ಎಂಬುದು ಅಂತರರಾಷ್ಟ್ರೀಯ ತಜ್ಞ ಸಂಘದ 2021ರ ಸಲಹೆ.

‘ವೈರಲ್ ಇರಬೇಕು ಬಿಡಿ’

ನಮ್ಮ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಈ ಮಾತು. ಶಸ್ತ್ರಚಿಕಿತ್ಸೆಯಾದ ಮೊದಲೆರಡು ವಾರಗಳಲ್ಲಿ ಜ್ವರ, ಎದೆಬಡಿತ, ಸುಸ್ತು ಕಂಡರೆ ಅದು ವೈರಸ್ ಇರಬಹುದು, ಸ್ಟೇಪಲ್ ಸಾಲು ಸೋರುತ್ತಿರಬಹುದು, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ಮೂರಕ್ಕೂ ಮೊದಲ ದಿನದ ಮುಖ ಒಂದೇ. ಸುತ್ತಲಿನ ಎಲ್ಲರಿಗೂ ನೆಗಡಿ ಇರುವ ವಾರದಲ್ಲಂತೂ ಉಳಿದೆರಡು ಯಾರ ತಲೆಗೂ ಹೊಳೆಯುವುದಿಲ್ಲ. ಕೋವಿಡ್ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಸೋರಿಕೆ ಇಲ್ಲ, ಹೆಪ್ಪು ಇಲ್ಲ ಎಂದಾಗುವುದಿಲ್ಲ.

ನಾಡಿಬಡಿತ ಇಲ್ಲಿ ದೊಡ್ಡ ಸುಳಿವು. ಸುಮ್ಮನೆ ಕೂತಾಗ ನಿಮಿಷಕ್ಕೆ 120 ದಾಟಿ, ಜ್ವರ ಇಳಿದ ಮೇಲೂ ಇಳಿಯದಿದ್ದರೆ, ಅದನ್ನು ವೈರಲ್ ಎಂದು ಬಿಡಲು ಯಾವ ಕಾರಣವೂ ಇಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಕೊಂಡದ್ದು ಅನೇಕ ಮನೆಗಳಲ್ಲಿ ಇನ್ನೂ ಇದೆ. ಅದರಲ್ಲಿ 94ಕ್ಕಿಂತ ಕಡಿಮೆ, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ, ಒಂದೇ ಕಾಲು ಊದಿ ಮೀನಖಂಡ ನೋಯುವುದು, ತಲೆಸುತ್ತಿ ಬೀಳುವುದು, ಎಡಭುಜಕ್ಕೆ ಹೊಡೆಯುವ ಹೊಟ್ಟೆನೋವು: ಇವುಗಳಲ್ಲಿ ಒಂದಿದ್ದರೂ ರಾತ್ರಿ ಬೆಳಗಾಗುವುದನ್ನು ಕಾಯಬೇಡಿ.

ಲ್ಯಾಬ್‌ಗೆ ಹೋಗಿ ತಾವೇ ಡಿ-ಡೈಮರ್ ಎಂಬ ಹೆಪ್ಪಿನ ಸುಳಿವಿನ ರಕ್ತಪರೀಕ್ಷೆ ಮಾಡಿಸುವ ರೂಢಿ ಕೋವಿಡ್‌ನಿಂದ ಉಳಿದುಕೊಂಡಿದೆ. ಶಸ್ತ್ರಚಿಕಿತ್ಸೆಯಾದವರಲ್ಲಿ ಗಾಯ ಮಾಯುವಾಗಲೇ ಅದು ಏರುತ್ತದೆ, ಸೋಂಕಿನಲ್ಲೂ ಏರುತ್ತದೆ. ಹೆಚ್ಚಿದೆ ಎಂದರೆ ಏನೂ ತಿಳಿಯುವುದಿಲ್ಲ. ಕಾಲಿಗೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಎದೆಗೆ ಸಿ.ಟಿ. ಆಂಜಿಯೋಗ್ರಾಂ ಮಾತ್ರ ಉತ್ತರ ಕೊಡುತ್ತವೆ.

ಜ್ವರ ಬಂದ ದಿನ ಮನೆಯಲ್ಲಿ

ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಆರು ಗಂಟೆಗೊಮ್ಮೆ ಸಾಕು. ದಿನಕ್ಕೆ 3 ಗ್ರಾಂ ಮೀರದಿರಲಿ, ಮಾತ್ರೆ ದೊಡ್ಡದಾದರೆ ಸಿರಪ್ ತೆಗೆದುಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಮೈಕೈ ನೋವಿಗೆ ಎಂದು ಕೊಡುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಬೈಪಾಸ್ ಆದವರಲ್ಲಿ ಹೊಸ ಜೋಡಣೆಯ ಅಂಚಿನಲ್ಲಿ ಹುಣ್ಣು ಮಾಡುತ್ತವೆ, ಇಂಜೆಕ್ಷನ್ ಜೊತೆ ಸೇರಿದರೆ ರಕ್ತ ಸುರಿಯುತ್ತದೆ, ಡೆಂಗಿಯಾಗಿದ್ದರೆ ಕೇಳುವುದೇ ಬೇಡ. ಅಸಿಕ್ಲೋಫೆನಾಕ್ ಅನೇಕ ಬಾರಿ ಪ್ಯಾರಾಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ ಇರುತ್ತದೆ, ಹಾಳೆಯ ಹಿಂಬದಿ ಓದಿ. ಕೋವಿಡ್‌ಗೆ ರಿಟೊನಾವಿರ್ ಇರುವ ಔಷಧ ಬರೆದರೆ, ಹೆಪ್ಪಿನ ಮಾತ್ರೆ ತೆಗೆದುಕೊಳ್ಳುತ್ತಿರುವ ವಿಷಯ ಹೇಳಿ. ರಿವರಾಕ್ಸಬಾನ್‌ನ ಮಟ್ಟವನ್ನು ಅದು ಏರಿಸುತ್ತದೆ.

ತಿಳಿ ಗಂಜಿನೀರು, ನೀರು ಮಜ್ಜಿಗೆ, ಓಆರ್‌ಎಸ್, ತಿಳಿಸಾರು ಯಾವುದಾದರೂ ಸರಿ, ಗುಟುಕು ಗುಟುಕಾಗಿ. ಮೂತ್ರ ಗಾಢ ಹಳದಿಯಾದರೆ ಅಥವಾ ಆರು ಗಂಟೆ ಬಾರದಿದ್ದರೆ ಡ್ರಿಪ್ ಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ಐದು ನಿಮಿಷ ಮನೆಯೊಳಗೇ ನಡೆಯಿರಿ. ಏಳಲಾಗದಿದ್ದರೆ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಬಾರಿ ಆಡಿಸಿ.

ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಕಲಬುರಗಿ, ಬೀದರ್‌ಗೆ ಹಿಂದಿರುಗುವವರಿಗೆ ಇನ್ನೊಂದು ಮಾತು. ನಾಲ್ಕು ಗಂಟೆ ಮೀರಿದ ಕೂತ ಪ್ರಯಾಣ ಆರೋಗ್ಯವಂತರಲ್ಲೂ ಹೆಪ್ಪಿನ ಅಪಾಯವನ್ನು ಸುಮಾರು ಇಮ್ಮಡಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ಮೂರನೇ ದಿನವೇ ರಾತ್ರಿ ಬಸ್ ಹತ್ತುವ ಬದಲು ಒಂದು ವಾರ ಬೆಂಗಳೂರಲ್ಲೇ ಉಳಿಯಲು ಆಗುವುದೇ ನೋಡಿ. ಹೋಗಲೇಬೇಕಾದರೆ ಕಾರಿನಲ್ಲಿ ಪ್ರತಿ ಒಂದೂವರೆ-ಎರಡು ಗಂಟೆಗೆ ಇಳಿದು ನಡೆಯಿರಿ, ಆ ದಿನದ ಇಂಜೆಕ್ಷನ್ ತಪ್ಪಿಸಬೇಡಿ.

ಊರು ತಲುಪಿದ ಮೇಲೆ ತೊಂದರೆಯಾದರೆ ಮೊದಲು ನೋಡುವುದು ತಾಲ್ಲೂಕು ಆಸ್ಪತ್ರೆಯ ವೈದ್ಯರು. ಅವರಿಗೆ ಸ್ಲೀವ್, ಬೈಪಾಸ್ ರೋಗಿಗಳು ದಿನವೂ ಸಿಗುವುದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ಇಂಜೆಕ್ಷನ್‌ನ ಡೋಸ್ ಮತ್ತು ಕೊನೆಯ ದಿನ, ಹಳೆಯ ಪ್ಲೇಟ್‌ಲೆಟ್ ಎಣಿಕೆ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಬರೆಸಿಕೊಳ್ಳಿ. ಎರಡು-ಮೂರು ದಿನ ವಾಂತಿಯಾಗಿದ್ದವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ ಇಂಜೆಕ್ಷನ್ ಕೊಡಬೇಕು ಎಂಬ ಸಾಲೂ ಅದರಲ್ಲಿರಲಿ. ಈ ಬಿ1 ಜೀವಸತ್ವದ ದಾಸ್ತಾನು ಕೆಲವೇ ವಾರಗಳದು, ಅದು ಬರಿದಾದಾಗ ಗ್ಲೂಕೋಸ್ ಸುರಿದರೆ ಮಿದುಳಿಗೆ ಹಾನಿಯಾಗುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಗೊಂದಲದ ಮಾತು ಅದರ ಲಕ್ಷಣಗಳು. ನಾಡಿ, ಬಿಪಿ, ಆಮ್ಲಜನಕ ಮಟ್ಟ, ಇಸಿಜಿ ನೋಡಿ, ಹೆಪ್ಪಿನ ಅನುಮಾನ ಬಲವಾಗಿದ್ದರೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ರಕ್ತಸ್ರಾವದ ಸ್ಥಿತಿ ಕೇಳಿಕೊಂಡು ಹೆಪ್ಪಿನ ಔಷಧದ ಮೊದಲ ಡೋಸ್ ಕೊಟ್ಟು, ಸಿ.ಟಿ. ಇರುವ ಜಿಲ್ಲಾ ಆಸ್ಪತ್ರೆಗೆ 108ರಲ್ಲಿ ಕಳಿಸುವುದು ತಾಲ್ಲೂಕು ಮಟ್ಟದಲ್ಲೇ ಸಾಧ್ಯವಿರುವ ಕೆಲಸ.